ಐದು ತೂತಿನ ಚಕ್ರ, ಆರು ತೂತಿನ ಸ್ಟೆಪ್ನಿ

ಹೋದ ಸಲ ಅವ್ವನ ಶೇಂಗಾ ಚಟ್ನಿ ಬಗ್ಗೆ ಬರೆದಿದ್ದೆ. ಓದಿದ ಗೆಳತಿಯೊಬ್ಬಳು ಫೋನ್ ಮಾಡಿ, "ನಿಮ್ಮ ತಮ್ಮ ಲಾರಿ ತಗೊಂಡಿದ್ದನಲ್ಲ, ಅದರ ಕಥೆ ಏನಾಯ್ತು? ಅದನ್ನ ಯಾಕೆ ಬರೆಯಲ್ಲ?" ಅಂದಳು. ಬರೆಯದೇ ಇದ್ದದ್ದಕ್ಕೆ ಕಾರಣ ಇತ್ತು. ಆ ಲಾರಿಯಲ್ಲಿ ನನ್ನ ಎರಡೆಳೆ ಸರವೂ ಸೇರಿದೆ. ಗಾಡಿ ನೆಟ್ಟಗಾಗುವ ತನಕ ಅದರ ಮಾತೆತ್ತಿದರೆ ಮನೆಯಲ್ಲಿ ಜಗಳ. ಈಗ ನೆಟ್ಟಗಾಗಿದೆ, ಬರೀತೀನಿ. ಈ ಸಲ ಕೈಗೆ ಸ್ವಲ್ಪ ಗ್ರೀಸು ಹತ್ತುತ್ತದೆ, ಸಹಿಸ್ಕೊಳ್ಳಿ.

ತಮ್ಮ ನಮ್ಮ ಮಾಗಳದಲ್ಲೇ ಅಪ್ಪನ ಜೊತೆ ಹೊಲ ನೋಡ್ಕೊಂಡಿದ್ದಾನೆ. ತುಂಗಭದ್ರೆ ದಂಡೆಯ ಊರು, ನೀರಿಗೆ ಅಂಥ ಬರ ಇಲ್ಲ. ಮೆಕ್ಕೆಜೋಳ, ಈರುಳ್ಳಿ, ಜೊತೆಗೆ ಒಂದಷ್ಟು ಮಲ್ಲಿಗೆ. ಭೌಗೋಳಿಕ ಸೂಚಕ ಸಿಕ್ಕಿರುವ ಹಡಗಲಿ ಮಲ್ಲಿಗೆ ಅಂತ ನೀವು ಕೇಳಿರುತ್ತೀರಲ್ಲ, ಅದೇ. ಬೆಳೆಯೋದಕ್ಕಿಂತ ಸಾಗಿಸೋದರಲ್ಲೇ ನಾಲ್ಕು ಕಾಸು ಉಳಿಯುತ್ತೆ ಅನ್ನೋದು ಅವನ ಲೆಕ್ಕ. ಲೆಕ್ಕ ತಪ್ಪೇನಲ್ಲ. ದೀಪಾವಳಿ ಆದ ಮೇಲೆ ಒಂದು ಹಳೇ ಸಣ್ಣ ಲಾರಿ ನೋಡಿ ಬಂದ. ಈ ಗಾತ್ರದ ಗಾಡಿಗೆಲ್ಲ ನಮ್ಮ ಕಡೆ 'ಫೋರ್ ನಾಟ್ ಸೆವೆನ್' ಅಂತಲೇ ಕರೆಯೋದು, ಕಂಪನಿ ಯಾವುದಾದರೂ ಇರಲಿ. ಟಾಟಾದವರ 407 ಬಂದದ್ದು 1986ರಲ್ಲಿ. ಅವತ್ತಿಂದ ಹಳ್ಳಿ ಬಾಯಲ್ಲಿ ಅದು ಗಾಡಿಯ ಜಾತಿಯ ಹೆಸರೇ ಆಗಿಹೋಗಿದೆ.

"ಅಕ್ಕಾ, ಹಿಂದಿನ ಹೌಸಿಂಗ್ ದೊಡ್ಡ ಲಾರಿದು ಹಾಕ್ಯಾರ. ಪಟ್ಟಿನೂ ಜಾಸ್ತಿ ಕೊಟ್ಟಾರ. ಐದು ಟನ್ ಹೇರಿದ್ರೂ ಜಗ್ಗಂಗಿಲ್ಲ" ಅಂದ. ಹೌಸಿಂಗ್ ಅಂದರೆ ಹಿಂದಿನ ಅಚ್ಚು, ಒಳಗೆ ಕ್ರೌನ್ ಪಿನಿಯನ್ ಕೂತಿರುವ ದಪ್ಪ ಕಬ್ಬಿಣದ ಗುಂಡು ಹೊಟ್ಟೆ. ಪಟ್ಟಿ ಅಂದರೆ ಕಮಾನು ಪಟ್ಟಿ, ಒಂದರ ಮೇಲೊಂದು ಬಾಗಿದ ಉಕ್ಕಿನ ತಗಡುಗಳ ಕಟ್ಟು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಹೈಸ್ಕೂಲಲ್ಲಿ ಗಣಿತ ಹೇಳುವವಳಿಗೆ ಲಾರಿ ಏನು ಗೊತ್ತು? ಸರ ಬಿಚ್ಚಿ ಕೊಟ್ಟೆ. ಬ್ಯಾಂಕಲ್ಲಿ ಇಟ್ಟ, ಉಳಿದದ್ದಕ್ಕೆ ಈರುಳ್ಳಿ ದುಡ್ಡು ಹಾಕಿ ಗಾಡಿ ತಂದ. ಅವ್ವ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು.

ಅಪ್ಪ ಕಟ್ಟೆ ಮೇಲೆ ಕೂತಿದ್ದ. ಗಾಡಿ ಓಣಿ ತಿರುಗಿ ಹೋಗೋದನ್ನ ನೋಡಿ, "ಇದ್ಯಾಕ ಓರೆ ಹೊಂಟೈತಿ?" ಅಂದ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನಲವತ್ತು ವರ್ಷ ಚಕ್ಕಡಿ ಹೂಡಿದ ಕಣ್ಣು ಅದು, ಕೇಳಬೇಕಿತ್ತು.

ಮೊದಲ ಪೆಟ್ಟು ಬಿದ್ದದ್ದು ಹದಿನೈದೇ ದಿನಕ್ಕೆ. ಚಳಿಗಾಲ, ಹೂವು ಕಡಿಮೆ, ಅದಕ್ಕೇ ರೇಟು ಜಾಸ್ತಿ. ಈರುಳ್ಳಿ ಚೀಲದ ಮೇಲೆ ಓಣಿಯವರ ನಾಲ್ಕು ಬುಟ್ಟಿ ಮಲ್ಲಿಗೆ ಮೊಗ್ಗು ಇಟ್ಟುಕೊಂಡು ನಸುಕಿನಲ್ಲೇ ದಾವಣಗೆರೆ ಕಡೆ ಹೊರಟಿದ್ದ. ಹಡಗಲಿ ದಾಟಿ ಹರಪನಹಳ್ಳಿ ರಸ್ತೆಯಲ್ಲಿ ಮುಂದಿನ ಎಡ ಚಕ್ರ ಪಂಕ್ಚರ್. ಸ್ಟೆಪ್ನಿ ಇಳಿಸಿ ಹಾಕಲು ಹೋದರೆ ಕೂರುತ್ತಿಲ್ಲ. ಮೊಬೈಲ್ ಬೆಳಕು ಬಿಟ್ಟು ನೋಡಿದರೆ, ಮುಂದಿನ ಹಬ್ಬಿಗೆ ಐದು ಬೋಲ್ಟು, ಸ್ಟೆಪ್ನಿಗೆ ಆರು ತೂತು. ಹಿಂದಿನ ನಾಲ್ಕು ಚಕ್ರವೂ ಆರು ತೂತಿನವೇ. ಅಂದರೆ ಮುಂದಿನ ಎರಡು ಚಕ್ರ ಒಂದು ಮನೆತನ, ಹಿಂದಿನವು ಇನ್ನೊಂದು ಮನೆತನ. ಬೇರೆ ಗಾಡಿ ಹಿಡಿದು, ಪಂಕ್ಚರ್ ಹಾಕಿಸಿ ವಾಪಸ್ ಬರೋ ಹೊತ್ತಿಗೆ ಬಿಸಿಲೇರಿತ್ತು. ಈರುಳ್ಳಿ ಕಾಯುತ್ತೆ, ಮಲ್ಲಿಗೆ ಕಾಯಲ್ಲ. ಓಣಿಯ ನಾಲ್ಕು ಮನೆಗೆ ಕೈಯಿಂದ ದುಡ್ಡು ತುಂಬಿಕೊಟ್ಟ.

(ಸ್ಟೆಪ್ನಿ ಅನ್ನೋದು ನಮ್ಮ ಪದ ಅಂದ್ಕೊಂಡಿದ್ದೆ, ಅಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲಾನೆಲ್ಲಿ ಊರಲ್ಲಿ ಸ್ಟೆಪ್ನಿ ಸ್ಟ್ರೀಟ್ ಅಂತ ಒಂದು ಬೀದಿ. ಅಲ್ಲಿಯವರು 1904ರಲ್ಲಿ ಮೋಟಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಬೀದಿಯ ಹೆಸರು ಚಕ್ರಕ್ಕೆ ಅಂಟಿ ನಮ್ಮ ಹಡಗಲಿ ತನಕ ಬಂದಿದೆ.)

ಮಾರಿದವನಿಗೆ ಫೋನ್ ಮಾಡಿದರೆ, "ಅದೇನ್ ದೊಡ್ಡದಣ್ಣ, ಎರಡು ಸ್ಟೆಪ್ನಿ ಇಟ್ಕೊ" ಅಂದನಂತೆ. ತಮ್ಮ ಅದನ್ನೇ ಮಾಡಿದ, ಎರಡು ಸ್ಟೆಪ್ನಿ! ಕಾಯಿಲೆ ಮುಚ್ಚಿಹೋಯಿತು ಅಂತ ಮನೆಯವರೂ ಸುಮ್ಮನಾದೆವು.

ಸಂಕ್ರಾಂತಿ ಆದ ವಾರ ಎರಡನೇ ಪೆಟ್ಟು. ನಮ್ಮ ಕಡೆ ಆ ಹೊತ್ತಲ್ಲಿ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆ ತುಂಬ ಮೆಕ್ಕೆಜೋಳ ಹರವಿರುತ್ತಾರೆ. ತಪ್ಪು ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಹರವುತ್ತಾರೆ, ನಾವೂ ಹರವಿದ್ದೇವೆ. ಗಾಡಿ ಖಾಲಿ ಬರ್ತಿತ್ತು. ಆಡು ಅಡ್ಡ ಬಂದವು, ಬ್ರೇಕ್ ಒತ್ತಿದ. ಹಿಂದಿನ ಚಕ್ರ ಗಪ್ಪನೆ ಹಿಡಿದು, ಕಾಳಿನ ಮೇಲೆ ಜಾರಿ, ಗಾಡಿ ಹಿಂಭಾಗ ಬಲಕ್ಕೆ ಎದ್ದು ಬಂತು. ರಸ್ತೆಗೆ ಅಡ್ಡಲಾಗಿ ನಿಂತಿತು. ಆಡಿಗೂ ಏನಾಗಲಿಲ್ಲ, ಆಡು ಕಾಯೋ ಹುಡುಗನಿಗೂ ಏನಾಗಲಿಲ್ಲ. ಆ ಹುಡುಗ ಬಾಗಿಲಿಂದ ಒಂದು ಮಾರು ದೂರದಲ್ಲಿ ನಿಂತಿದ್ದನಂತೆ. ತಮ್ಮ ಮನೆಗೆ ಬಂದವನು ಊಟ ಮಾಡಲಿಲ್ಲ. ಕೀಲಿ ತಂದು ನನ್ನ ಮುಂದೆ ಇಟ್ಟು, "ನಿನ್ನ ಸರ ಬಿಡಿಸಿ ಕೊಡ್ತೀನಿ, ಗಾಡಿ ಮಾರಿಬಿಡ್ತೀನಿ" ಅಂದ.

ಮಾರಬಹುದಿತ್ತು. ಆದರೆ ಮಾರೋದು ಅಂದರೆ ಇನ್ನೊಬ್ಬನ ತಲೆಗೆ ಕಟ್ಟೋದು. ನಮಗೆ ಕಟ್ಟಿದ ಹಾಗೇ. ಇನ್ನೊಂದು ಮಾತು ಇತ್ತು. ಭರತ ಹುಣ್ಣಿಮೆಗೆ ಮೈಲಾರ ಜಾತ್ರೆ, ಕಾರಣಿಕ. ಓಣಿಯವರನ್ನೆಲ್ಲ ಲಾರಿಯಲ್ಲಿ ಹತ್ತಿಸ್ಕೊಂಡು ಹೋಗ್ತೀನಿ ಅಂತ ಅವನು ದೊಡ್ಡದಾಗಿ ಮಾತು ಕೊಟ್ಟಿದ್ದ. ಸರಕಿನ ಗಾಡಿಯಲ್ಲಿ ಜನ ಹೇರಬಾರದು ಅಂತ ನಾನು ಮೊದಲೇ ಹೇಳಿದ್ದೆ, ಎಲ್ಲ ಗಾಡಿಯವರೂ ಒಯ್ಯಲ್ವೇನು ಅಂದಿದ್ದ. ಆ ರಾತ್ರಿ ಆ ಮಾತನ್ನ ಅವನೇ ವಾಪಸ್ ತಗೊಂಡ.

ಭಾನುವಾರ ಅವ್ವನ ತವರೂರ ಕಡೆಯ ಮೇಸ್ತ್ರಿಯೊಬ್ಬರನ್ನ ಕರೆಸಿದೆವು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬಂದವರೇ ಬಾನೆಟ್ ಎತ್ತಲಿಲ್ಲ, ಅಡಿಗೆ ಹೋಗಲಿಲ್ಲ. "ಸಪಾಟು ಜಾಗ ಎಲ್ಲೈತಿ? ನೂಲು, ತೂಕದ ಗುಂಡು, ಸೀಮೆಸುಣ್ಣ ತರ್ರಿ" ಅಂದರು. ಸೀಮೆಸುಣ್ಣಕ್ಕೆ ನಮ್ಮ ಮನೆಯಲ್ಲಿ ಬರ ಇಲ್ಲ. ತೂಕದ ಗುಂಡು ಪಕ್ಕದ ಮನೆಯ ಗೌಂಡಿ ಹತ್ತಿರ ಇತ್ತು. ಅವನೂ ನೋಡಲು ಬಂದ. "ನಮ್ಮ ವೇಣುಗೋಪಾಲಸ್ವಾಮಿ ಗುಡಿ ಕಟ್ಟಿದೋರೂ ಇಂಥದ್ದನ್ನ ಹಿಡಕೊಂಡೇ ಕಟ್ಟಿರಬೇಕಲ್ಲೇನ್ರಿ" ಅಂತ ಅದನ್ನ ನನ್ನ ಕೈಗಿಟ್ಟ.

ಸಿಮೆಂಟು ಕಣದ ಮೇಲೆ ಗಾಡಿ ನಿಲ್ಲಿಸಿದೆವು. ಸ್ಟಿಯರಿಂಗ್ ನೇರ. ಮುಂದಿನ ಎರಡೂ ಹಬ್ಬಿನ ನಡುವಿನಿಂದ, ಹಿಂದಿನ ಎರಡೂ ಹಬ್ಬಿನ ನಡುವಿನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿದೆವು. ಗಾಡಿ ಪಕ್ಕಕ್ಕೆ ತಳ್ಳಿದರೆ ನೆಲದ ಮೇಲೆ ನಾಲ್ಕು ಚುಕ್ಕಿ. ಟೇಪಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ತಮ್ಮನ ಕೈಲಿ. ಚೌಕ ಸರಿ ಇದ್ದರೆ ಎಡಗಡೆ ಬಲಗಡೆ ಉದ್ದ ಒಂದೇ ಬರಬೇಕು, ಎರಡು ಕರ್ಣವೂ ಒಂದೇ ಬರಬೇಕು. ಎಂಟನೇ ಕ್ಲಾಸಿನ ಪಾಠ. ಬಲಗಡೆ 3 ಮೀಟರ್ 10 ಸೆಂಟಿಮೀಟರ್ ಬಂತು. ಎಡಗಡೆ ಅದಕ್ಕಿಂತ 36 ಮಿಲಿಮೀಟರ್ ಕಡಿಮೆ. ಕರ್ಣವೂ ತಾಳೆ ಆಗಲಿಲ್ಲ.

36 ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತೆ. ಅಲ್ಲೇ ನೆಲದ ಮೇಲೆ ಲೆಕ್ಕ ಹಾಕಿದೆ. ಹಿಂದಿನ ಚಕ್ರಗಳ ನಡುವೆ ಒಂದೂವರೆ ಮೀಟರ್. ಅಷ್ಟು ಅಗಲದಲ್ಲಿ 36 ಮಿಲಿಮೀಟರ್ ಓರೆ ಆದರೆ, ಮೂರು ಮೀಟರ್ ಉದ್ದಕ್ಕೆ 74 ಮಿಲಿಮೀಟರ್. ನೆಟ್ಟಗೆ ಹೋಗುವಾಗ ಹಿಂಭಾಗ ಮುಂಭಾಗಕ್ಕಿಂತ ನಾಲ್ಕು ಬೆರಳು ಪಕ್ಕಕ್ಕೆ ಸರಿದು ಓಡುತ್ತದೆ. ನಾಯಿ ಓಡುವುದನ್ನ ಹಿಂದಿನಿಂದ ನೋಡಿ, ಹಿಂಗಾಲು ಮುಂಗಾಲಿನ ಸಾಲಲ್ಲಿ ಇರಲ್ಲ, ಹಾಗೆ. ಅಪ್ಪ ಕಟ್ಟೆ ಮೇಲಿಂದ, "ನಾ ಅವತ್ತ ಹೇಳಿದ್ನಿಲ್ಲ?" ಅಂದ. ಈ ಮಾತನ್ನ ಆಮೇಲೆ ಒಂದು ತಿಂಗಳು ಕೇಳಿದೆವು.

ಯಾಕೆ ಓರೆ? ಅಚ್ಚನ್ನ ಕಮಾನು ಪಟ್ಟಿಗೆ ಹಿಡಿಯೋದು ಎರಡು ಯು ಬೋಲ್ಟು. ಆದರೆ ಜಾಗ ಗೊತ್ತು ಮಾಡೋದು ಪಟ್ಟಿಗಳ ನಡುವೆ ತೂರಿರೋ ಒಂದು ಸಣ್ಣ ಸೆಂಟರ್ ಬೋಲ್ಟು. ಅದರ ತಲೆ ಅಚ್ಚಿನ ಮೇಲಿನ ಗುಣಿಯಲ್ಲಿ ಕೂರಬೇಕು. ಚಕ್ಕಡಿಗೆ ಕಡಾಣಿ ಇದ್ದ ಹಾಗೆ, ಸಣ್ಣದು, ಅದಿಲ್ಲದೆ ಗಾಡಿ ಇಲ್ಲ. ಎಡಗಡೆ ಅದು ಕತ್ತರಿಸಿಹೋಗಿತ್ತು. ಅಚ್ಚು ಮುಂದಕ್ಕೆ ಸರಿದಿತ್ತು. ಕತ್ತರಿಸಿದ್ದೇಕೆ? ದೊಡ್ಡ ಲಾರಿಯ ಹೌಸಿಂಗ್‌ ಮೇಲಿನ ಪೀಠದ ಅಂತರ ನಮ್ಮ ಚಾಸಿಗೆ ಹೊಂದುತ್ತಿರಲಿಲ್ಲ. ಹಳೇ ಪೀಠ ಕತ್ತರಿಸಿ ಬೇರೆ ಜಾಗದಲ್ಲಿ ವೆಲ್ಡಿಂಗ್ ಹೊಡೆದಿದ್ದರು. ಗುಣಿ ಅಗಲವಾಗಿ, ಬೋಲ್ಟು ಅಲ್ಲಾಡಿ ಅಲ್ಲಾಡಿ ಮುರಿದಿತ್ತು. ಯು ಬೋಲ್ಟುಗಳೂ ನಾಲ್ಕರಲ್ಲಿ ಎರಡು ದಪ್ಪ, ಎರಡು ಸಣಕಲು.

ಪೀಠ ಕೂರಿಸುವಾಗ ಕೋನವನ್ನೂ ಯಾರೂ ನೋಡಿರಲಿಲ್ಲ. ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಉದ್ದನೆ ಶಾಫ್ಟಿಗೆ ಎರಡೂ ತುದಿಯಲ್ಲಿ ಕೀಲು ಇರುತ್ತೆ. ಗೇರ್‌ಬಾಕ್ಸ್ ಎಷ್ಟು ಓರೆ ಇದೆಯೋ ಪಿನಿಯನ್ನೂ ಅಷ್ಟೇ ಓರೆ ಇರಬೇಕು, ಎರಡೂ ಸಮಾಂತರ. ಆಗ ಒಂದು ಕೀಲಿನ ಏರುಪೇರನ್ನ ಇನ್ನೊಂದು ಕೀಲು ಕಳೆದುಹಾಕುತ್ತೆ. ಇಲ್ಲದಿದ್ದರೆ ನಡುಕ. ನಾನು ಶಾಲೆಯಿಂದ ಬೋರ್ಡಿನ ಮೇಲೆ ಹಿಡಿಯುವ ದೊಡ್ಡ ಮರದ ಕೋನಮಾಪಕ ತಂದಿದ್ದೆ. ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಅಳೆದೆವು. ಗೇರ್‌ಬಾಕ್ಸ್ ಮೂರು ಡಿಗ್ರಿ, ಪಿನಿಯನ್ ಎಂಟು. ಐವತ್ತರ ವೇಗಕ್ಕೆ ಸೀಟಿನ ಕೆಳಗೆ ಗುಂಯ್ ಅನ್ನೋದು ಇದೇ. ತಮ್ಮ ಅದನ್ನ ಇಂಜಿನ್ ಸದ್ದು ಅಂದ್ಕೊಂಡು ಎರಡು ಸಲ ಆಯಿಲ್ ಬದಲಿಸಿದ್ದ. ಸೋಮವಾರ ಕೋನಮಾಪಕಕ್ಕೆ ಗ್ರೀಸು ಹತ್ತಿದ್ದು ನೋಡಿ ಮಕ್ಕಳು ನಕ್ಕರು.

ಇನ್ನು ಪಟ್ಟಿ. ಹಿಂದೆ ಎಡಗಡೆ ಒಂಬತ್ತು, ಬಲಗಡೆ ಏಳು. "ಎಡಕ್ಕೆ ಎರಡು ಜಾಸ್ತಿ ಐತಿ, ಬಲಕ್ಕೂ ಎರಡು ಸೇರಿಸಿದ್ರ ಸರಿಹೋಗ್ತದ" ಅಂತ ತಮ್ಮ. ಮೇಸ್ತ್ರಿ ನಕ್ಕು, "ಅಕ್ಕಾರ, ದಪ್ಪ ಅಳೀರಿ" ಅಂದರು. ಎಡಗಡೆಯವು 8 ಮಿಲಿಮೀಟರ್ ದಪ್ಪ, ಬಲಗಡೆಯವು 10. ಪಟ್ಟಿಯ ಬಿಗಿತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಎಂಟರ ಘನ 512, ಹತ್ತರ ಘನ 1000. ಎರಡೇ ಮಿಲಿಮೀಟರ್ ವ್ಯತ್ಯಾಸ, ಬಿಗಿತನ ಹತ್ತಿರ ಹತ್ತಿರ ಎರಡು ಪಟ್ಟು. ಒಂಬತ್ತು ಐನೂರಹನ್ನೆರಡು 4608, ಏಳು ಸಾವಿರ 7000. ಉದ್ದ ಒಂದೇ ಅಂತ ಇಟ್ಟುಕೊಂಡ ಅಂದಾಜು ಲೆಕ್ಕ ಇದು, ಆದರೂ ಸಾಕು. ಎಣಿಸಿದರೆ ಎಡಗಡೆ ಹೆಚ್ಚು, ಬಿಗಿತನದಲ್ಲಿ ಬಲಗಡೆ ಹೆಚ್ಚು. ತಮ್ಮ ಹೇಳಿದ ಹಾಗೆ ಬಲಕ್ಕೆ ಇನ್ನೆರಡು ಸೇರಿಸಿದ್ದರೆ ಓರೆ ಇನ್ನೂ ಜಾಸ್ತಿ ಆಗ್ತಿತ್ತು. ಹೇರಿದಾಗ ಗಾಡಿ ಎಡಕ್ಕೆ ವಾಲೋದು, ಖಾಲಿ ಇದ್ದಾಗ ಹಿಂಭಾಗ ಕುಣಿಯೋದು, ಎರಡಕ್ಕೂ ಉತ್ತರ ಇಲ್ಲೇ ಇತ್ತು. ಘನ ಯಾಕೆ ಕಲಿಬೇಕು ಟೀಚರ್ ಅಂತ ಕೇಳುವ ಹುಡುಗರಿಗೆ ಈಗ ಈ ಪಟ್ಟಿ ಲೆಕ್ಕವನ್ನೇ ಕೊಡ್ತೀನಿ.

ಮೂರನೆಯದು ಹೌಸಿಂಗಿನ ಹೊಟ್ಟೆಯೊಳಗಿನ ಲೆಕ್ಕ. ತಮ್ಮನ ಮೀಟರ್ ಯಾವಾಗಲೂ ಜಾಸ್ತಿ ಓಡ್ತಿತ್ತು. ಕಿಲೋಮೀಟರ್ ಕಲ್ಲು ನೋಡಿಕೊಂಡು ಹತ್ತು ಕಿಲೋಮೀಟರ್ ಹೋದರೆ ಮೀಟರಿನಲ್ಲಿ ಹನ್ನೆರಡು. ಮೇಸ್ತ್ರಿ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ, ಅಡಿಗೆ ಮರದ ದಿಮ್ಮಿ ಇಟ್ಟರು. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬಾರದು, ಇದನ್ನ ಅವರು ಮೂರು ಸಲ ಹೇಳಿದರು, ನಾನೂ ನಿಮಗೆ ಹೇಳ್ತೀನಿ. ಗೇರು ನ್ಯೂಟ್ರಲ್. ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ. ಎರಡೂ ಕಡೆಯ ಚಕ್ರವನ್ನ ಜೊತೆಗೇ ಒಂದು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತು ತಿರುಗಿತು ಅಂತ ಎಣಿಸಬೇಕು. ಒಬ್ಬರೇ ಇದ್ದರೆ ಒಂದು ಚಕ್ರ ಕಟ್ಟಿಹಾಕಿ ಇನ್ನೊಂದನ್ನ ಎರಡು ಸುತ್ತು ತಿರುಗಿಸಿದರೂ ಲೆಕ್ಕ ಅದೇ. ಆರು ಸುತ್ತು ದಾಟಿ ಸ್ವಲ್ಪ. ಹಿಂದಿನ ಮುಚ್ಚಳ ತೆಗೆದು ಹಲ್ಲು ಎಣಿಸಿದಾಗ ಕ್ರೌನಿಗೆ 37, ಪಿನಿಯನಿಗೆ 6. ಚಾಸಿ ನಂಬರ್ ಹೇಳಿ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ನಮ್ಮ ಗಾಡಿಗೆ ಇರಬೇಕಾದ್ದು 41ಕ್ಕೆ 8, ಅಂದರೆ ಐದು ಸುತ್ತು ಮತ್ತು ಎಂಟನೇ ಒಂದು. ಭಾಗಿಸಿ ನೋಡಿ, ನೂರಕ್ಕೆ ಇಪ್ಪತ್ತು ವ್ಯತ್ಯಾಸ. ಹತ್ತಕ್ಕೆ ಹನ್ನೆರಡು ಅಲ್ಲಿಂದ ಬಂತು. ಅಷ್ಟೇ ವೇಗಕ್ಕೆ ಇಂಜಿನ್ ಇಪ್ಪತ್ತು ಸುತ್ತು ಹೆಚ್ಚು ಕೂಗಬೇಕು, ಡೀಸೆಲ್ ಕುಡಿಯಬೇಕು. ಹಳೇ ಮಾಲೀಕ ಕಲ್ಲಿನ ಕ್ವಾರಿಯಲ್ಲಿ ಓಡಿಸುತ್ತಿದ್ದನಂತೆ. ಏರಿನಲ್ಲಿ ಜಗ್ಗಲು ಅದು ಸರಿಯೇ. ದಾವಣಗೆರೆಗೆ ಈರುಳ್ಳಿ ಒಯ್ಯಲು ಅಲ್ಲ.

ಆಡಿನ ಮುಂದೆ ಗಾಡಿ ಅಡ್ಡ ತಿರುಗಿದ್ದಕ್ಕೂ ಇದೇ ಹೌಸಿಂಗ್ ಕಾರಣ. ದೊಡ್ಡ ಲಾರಿಯದು, ಬ್ರೇಕ್ ಡ್ರಮ್ಮೂ ದೊಡ್ಡದು. ಮುಂದೆ ಸಣ್ಣ ಬ್ರೇಕು, ಹಿಂದೆ ದೊಡ್ಡದು. ಖಾಲಿ ಗಾಡಿಯ ಹಿಂಭಾಗದಲ್ಲಿ ತೂಕವೇ ಇರಲ್ಲ. ಒತ್ತಿದ ಕೂಡಲೇ ಹಿಂದಿನ ಚಕ್ರ ಮೊದಲು ನಿಂತುಬಿಡುತ್ತೆ. ತಿರುಗದ ಚಕ್ರಕ್ಕೆ ದಾರಿ ಹಿಡಿಯೋ ಶಕ್ತಿ ಇಲ್ಲ, ಹಿಂಭಾಗ ಮುಂದಕ್ಕೆ ಬರಲು ನೋಡುತ್ತೆ. ಹಿಂದಿನ ಬ್ರೇಕು 'ಗಟ್ಟಿ' ಇರೋದು ಅಪಾಯ ಅಂತ ಯಾರಿಗೆ ಹೊಳೆಯುತ್ತೆ ಹೇಳಿ! ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಎತ್ತೂ ಒಳ್ಳೇದೇ, ಕೋಣವೂ ಒಳ್ಳೇದೇ. ಈ ಗಾಡಿಯಲ್ಲೂ ಕೆಟ್ಟ ಸಾಮಾನು ಅಂತ ಒಂದೂ ಇರಲಿಲ್ಲ. ಹೌಸಿಂಗ್ ಒಳ್ಳೇದು, ಪಟ್ಟಿ ಒಳ್ಳೇದು, ಮುಂದಿನ ಅಚ್ಚು ಒಳ್ಳೇದು. ಒಂದಕ್ಕೊಂದು ಗುರುತು ಪರಿಚಯವೇ ಇರಲಿಲ್ಲ.

ಈಗ ಜಗಳದ ಭಾಗ. ತಮ್ಮ ಹೇಳಿದ, ಮುಂದಕ್ಕೂ ಅದೇ ದೊಡ್ಡ ಲಾರಿಯ ಅಚ್ಚು ಹಾಕಿಸೋಣ, ಆರು ತೂತು ಆರು ತೂತು ಹೊಂದುತ್ತೆ, ಗಾಡಿ ಇನ್ನೂ ಗಟ್ಟಿ ಆಗುತ್ತೆ. ನಾನು ಹೇಳಿದೆ, ದೊಡ್ಡದನ್ನ ಮಾರಿ ಈ ಗಾಡಿದೇ ಹೌಸಿಂಗ್ ಹುಡುಕೋಣ. "ಇದ್ದ ಗಟ್ಟಿ ಬಿಟ್ಟು ಸಣ್ಣದಕ್ಕ ಹೋಗ್ತಾರೇನು?" ಅಂತ ಅವನು. ಎರಡು ದಿನ ಮಾತಿಲ್ಲ. ಅವ್ವ ನಡುವೆ ಊಟದ ತಟ್ಟೆ ಹಿಡಿದು ಓಡಾಡಿದಳು.

ನಾನು ಆರ್‌ಸಿ ಬುಕ್ ತೆಗೆದು ಅವನ ಮುಂದಿಟ್ಟೆ. ಅಚ್ಚು ದೊಡ್ಡದಾದ ಮಾತ್ರಕ್ಕೆ ಅದರಲ್ಲಿ ಬರೆದ ತೂಕ ಹೆಚ್ಚಾಗಲ್ಲ. ಚಾಸಿ ಅದೇ, ಸ್ಟಿಯರಿಂಗ್ ಅದೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಇದನ್ನೇ ಹೇಳುತ್ತೆ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಆ ಮಾತನ್ನ ಗಟ್ಟಿಯಾಗಿ ಹೇಳಿದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ನಮ್ಮದು ಮಾರ್ಚಿಗೆ ಇತ್ತು. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ಕೇಳೋದು ಇದನ್ನೇ. ಕಾನೂನು ಓದಿದ್ದಕ್ಕೆ ಅವನು ಬಗ್ಗಲಿಲ್ಲ, ನಿಜ ಹೇಳಬೇಕಂದ್ರೆ. "ಆ ಹುಡುಗ ಬಾಗಿಲಿಂದ ಎಷ್ಟು ದೂರ ಇದ್ದ?" ಅಂತ ಅಪ್ಪ ಕೇಳಿದ. ಅಷ್ಟೇ ಕೇಳಿದ. ಮಾರನೇ ದಿನ ತಮ್ಮ ದಾವಣಗೆರೆ ಗುಜರಿಗೆ ಬಸ್ ಹತ್ತಿದ.

ಹಳೇ ಹೌಸಿಂಗ್ ತಗೊಳ್ಳುವಾಗ ಮೇಸ್ತ್ರಿ ಹೇಳಿಕೊಟ್ಟಿದ್ದನ್ನ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಹಲ್ಲು ಎಣಿಸಬೇಕು, 41 ಮತ್ತು 8. ಹಬ್ಬಿಗೆ ಐದು ಬೋಲ್ಟು. ಪೀಠದ ನಡುವಿನ ಅಂತರ ನಮ್ಮ ಚಾಸಿಯ ಅಳತೆಗೆ ಇರಬೇಕು, ಅಲ್ಲಿ ವೆಲ್ಡಿಂಗ್ ಗುರುತು ಇರಕೂಡದು. ಎಣ್ಣೆಯಲ್ಲಿ ಬೆರಳು ಅದ್ದಿ ತಿಕ್ಕಿ ನೋಡಬೇಕು, ಕಬ್ಬಿಣದ ಹುಡಿ ಮಿಂಚಿದರೆ ಬಿಟ್ಟು ಬರಬೇಕು. ಮೂರು ಗುಜರಿ ತಿರುಗಿ ನಾಲ್ಕನೆಯದರಲ್ಲಿ ಸಿಕ್ಕಿತು. ಚಕ್ರ ಸಮೇತ ತಗೊಂಡ. ನಮ್ಮ ದೊಡ್ಡ ಹೌಸಿಂಗ್, ಆರು ತೂತಿನ ಚಕ್ರಗಳು ಮಾರಿಹೋದವು. ಕೈಯಿಂದ ಬಿದ್ದದ್ದು ಸುಮಾರು ಹದಿನೆಂಟು ಸಾವಿರ, ಪಟ್ಟಿ ಖರ್ಚು ಬೇರೆ.

ಪಟ್ಟಿಯನ್ನ ಎಡ ಬಲ ಎರಡೂ ಜೋಡಿಯಾಗಿ ಕಟ್ಟಿಸಿದೆವು, ಮುಂದಿನದೂ ಹಿಂದಿನದೂ. ಒಂದು ಕಡೆ ಮುರಿದರೂ ಎರಡೂ ಕಡೆ ಬದಲಿಸಬೇಕು ಅನ್ನೋದು ಮೇಸ್ತ್ರಿ ನಿಯಮ. ಹಳೇದು ದಣಿದಿರುತ್ತೆ, ಹೊಸದು ಬಿಗಿ ಇರುತ್ತೆ. ಕಟ್ಟಿದ ಮೇಲೆ ನೆಲದ ಮೇಲೆ ಅಂಗಾತ ಇಟ್ಟು ಬಾಗು ಅಳೆದರು, ಎರಡೂ ಸಮ. ಸೆಂಟರ್ ಬೋಲ್ಟು ಹೊಸದು, ಯು ಬೋಲ್ಟು ನಾಲ್ಕೂ ಹೊಸವು. ಒಮ್ಮೆ ಬಿಗಿದು ಎಳೆದ ಯು ಬೋಲ್ಟು ಮತ್ತೆ ಹಾಕಬಾರದಂತೆ. ಅಡ್ಡಡ್ಡ ಬಿಗಿದರು, ಇದೊಂದು ಸುತ್ತು, ಎದುರಿನದೊಂದು ಸುತ್ತು, ನಾವು ಹಪ್ಪಳದ ಹಿಟ್ಟು ಕುಟ್ಟುವಾಗ ಸರದಿ ತಗೊಂಡ ಹಾಗೆ. ಪಿನಿಯನ್ ಕೋನ ಈ ಸಲ ತಾನಾಗೇ ಮೂರು ಡಿಗ್ರಿ ಬಂತು, ಏನೂ ಮಾಡಬೇಕಾಗಲಿಲ್ಲ. ಆ ಹೌಸಿಂಗ್ ಆ ಜಾಗಕ್ಕೇ ಹುಟ್ಟಿದ್ದಲ್ಲವೇ.

ಮತ್ತೆ ಕಣದ ಮೇಲೆ ನಾಲ್ಕು ಚುಕ್ಕಿ. ಎಡಗಡೆ, ಬಲಗಡೆ ವ್ಯತ್ಯಾಸ 2 ಮಿಲಿಮೀಟರ್. ನನಗೆ ಸೊನ್ನೆ ಬರಲಿ ಅಂತ ಆಸೆ. "ಅಕ್ಕಾರ, ಇದು ಲಾರಿ, ಪರೀಕ್ಷೆ ಅಲ್ಲ" ಅಂದರು ಮೇಸ್ತ್ರಿ. ಖಾಲಿ ಮೈದಾನದಲ್ಲಿ ಬ್ರೇಕ್ ಹಿಡಿದು ನೋಡಿದರು, ನಾಲ್ಕೈದು ಸಲ. ನೆಲದ ಮೇಲಿನ ಗುರುತು ನೆಟ್ಟಗೆ ಬಂತು. ಮೊದಲ ಹೇರು ಹೊತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟು, ಚಕ್ರದ ನಟ್ಟು ಮತ್ತೆ ಬಿಗಿಯಬೇಕು, ಹೊಸ ಪಟ್ಟಿ ಕೂತಾಗ ಸಡಿಲ ಆಗುತ್ತೆ, ಮರೀಬೇಡ ಅಂತ ಹೇಳಿ ಹೋದರು. ದುಡ್ಡು ಕೊಡಲು ಹೋದರೆ ಒಂದು ಬುಟ್ಟಿ ಈರುಳ್ಳಿ ಮಾತ್ರ ತಗೊಂಡರು.

ಮೈಲಾರಕ್ಕೆ ಲಾರಿಯಲ್ಲಿ ಯಾರೂ ಹೋಗಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲದೆ, ಅವ್ವ ಯಾರದೋ ಭಂಡಾರದ ಚೀಲದ ಮೇಲೆ ಕೂತು ಹೋಗಿ ಬಂದಳು. ಓಣಿಯವರು ತಮ್ಮನಿಗೆ ಸ್ವಲ್ಪ ದಿನ ಮುಖ ಊದಿಸಿದರು. ಅವನು ಏನೂ ಹೇಳಲಿಲ್ಲ. ಹೊಸಪೇಟೆಯಲ್ಲಿ ಎಫ್‌ಸಿ ಆಯ್ತು. ಮೀಟರ್ ಈಗ ಹತ್ತಕ್ಕೆ ಹತ್ತು. ನನ್ನ ಸರ ಇನ್ನೂ ಬ್ಯಾಂಕಲ್ಲೇ ಇದೆ, ಎರಡು ಕಂತು ಬಾಕಿ.

ಮೊದಲ ಈರುಳ್ಳಿ ಹೇರಿಗೆ ಹೊರಡುವ ಹಿಂದಿನ ಸಂಜೆ ಶಾಲೆಯಿಂದ ಬಂದಾಗ ಅಂಗಳದಲ್ಲಿ ಗಾಡಿಯ ಮುಂದಿನ ಎಡ ಚಕ್ರ ಬಿಚ್ಚಿಟ್ಟಿತ್ತು. ಪಂಕ್ಚರಾ ಅಂದೆ. ಇಲ್ಲ ಅಂದ. ಸ್ಟೆಪ್ನಿ ಇಳಿಸಿ ಆ ಹಬ್ಬಿಗೆ ಏರಿಸಿದ, ಐದೂ ನಟ್ಟು ಕೈಯಲ್ಲೇ ತಿರುಗಿಸಿ ಕೂರಿಸಿದ, ಒಂದು ನಿಮಿಷ ನೋಡಿದ. ಆಮೇಲೆ ಅದನ್ನ ಬಿಚ್ಚಿ ಹಳೇ ಚಕ್ರ ಹಾಕಿ, ಕೈ ತೊಳೆಯಲು ಹೋದ.